ಭೂಪಟವಿಲ್ಲದ ಗೋಡೆಯ ಮುಂದೆ

ಮುಂಬಯಿಯ ಹಿಂದಿ ಸುದ್ದಿವಾಹಿನಿಯೊಂದಕ್ಕೆ ಹವಾಮಾನ ನಿರೂಪಕಿಯಾಗಿ ಸೇರಿದಾಗ ನನ್ನ ಬಳಿ ಇದ್ದ ಬಂಡವಾಳ ಎರಡೇ: ಪುಣೆ ವಿಶ್ವವಿದ್ಯಾಲಯದಲ್ಲಿ ಪಡೆದಿದ್ದ ವಾಯುಮಂಡಲ ವಿಜ್ಞಾನದ ಸ್ನಾತಕೋತ್ತರ ಪದವಿ, ಮತ್ತು ಡೊಂಬಿವಲಿಯಿಂದ ದಾದರಿನವರೆಗಿನ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ರೂಢಿಯಾಗಿದ್ದ ಹಿಂದಿ. ಮನೆಯ ಮಾತು ಧಾರವಾಡದ ಕನ್ನಡ. ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ಬಂದು ಡೊಂಬಿವಲಿಯಲ್ಲೇ ನೆಲೆಸಿದವರು. ಟಿವಿಯಲ್ಲಿ ಮಳೆಯ ಸುದ್ದಿ ಹೇಳುವವರೇ ಮಳೆಯ ಲೆಕ್ಕವನ್ನೂ ಹಾಕುತ್ತಾರೆಂದು ನಮ್ಮ ಬಂಧುಬಳಗ ಇಂದಿಗೂ ನಂಬಿದೆ. ಹಾಗೇನೂ ಇಲ್ಲ. ಲೆಕ್ಕ ಹಾಕುವವರು ಹವಾಮಾನ ಇಲಾಖೆಯ ವಿಜ್ಞಾನಿಗಳು. ಅವರು ಪುಟಗಟ್ಟಲೆ ಬರೆದದ್ದನ್ನು ತೊಂಬತ್ತು ಸೆಕೆಂಡಿಗೆ ಇಳಿಸುವುದು, ಆ ತೊಂಬತ್ತು ಮಧ್ಯದಲ್ಲೇ ನಲವತ್ತಾದರೆ ಮತ್ತೆ ಕತ್ತರಿಸುವುದು ನನ್ನ ಕೆಲಸ. ಯಾವುದನ್ನು ಬಿಟ್ಟರೆ ಉಳಿದದ್ದು ಸುಳ್ಳಾಗುವುದಿಲ್ಲ ಎಂಬುದನ್ನು ತಿಳಿಯುವುದರಲ್ಲೇ ನನ್ನ ವೃತ್ತಿಜೀವನದ ಬಹುಪಾಲು ಕಳೆದಿದೆ.

ಈ ವೃತ್ತಿಗೆ ನಮ್ಮಲ್ಲಿ ನಿರ್ದಿಷ್ಟ ಅರ್ಹತೆಯೆಂಬುದು ಇಲ್ಲ. ಅಮೆರಿಕದ ಹವಾಮಾನ ಸಂಘವು ಟಿವಿ ನಿರೂಪಕರ ಜ್ಞಾನವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಬ್ರಿಟನ್ನಿನಲ್ಲಿ 1954ರ ಜನವರಿ 11ರಂದು ಬಿಬಿಸಿಯ ಕ್ಯಾಮೆರಾದ ಮುಂದೆ ನಿಂತು ಮೊದಲ ಬಾರಿಗೆ ನೇರವಾಗಿ ಹವಾಮಾನ ವಿವರಿಸಿದ ಜಾರ್ಜ್ ಕೌಲಿಂಗ್ ಅಲ್ಲಿನ ಹವಾಮಾನ ಕಚೇರಿಯ ನೌಕರರೇ ಆಗಿದ್ದರು. ನಮ್ಮ ಖಾಸಗಿ ವಾಹಿನಿಗಳಿಗೆ ಹವಾಮಾನವು ಬಹಳ ಕಾಲ ಸುದ್ದಿಯ ಬಾಲವಾಗಿತ್ತು. ಹೊಸ ಮುಖಗಳನ್ನು ಪಳಗಿಸುವುದಕ್ಕೆ ಸೂಕ್ತ ಜಾಗವೆಂದು ಅದನ್ನು ಬಳಸುತ್ತಿದ್ದರು. ನನ್ನ ಪದವಿಯನ್ನು ಕಂಡು ಸಂದರ್ಶನದಲ್ಲಿ ಒಬ್ಬರು, ‘ಇಷ್ಟೆಲ್ಲ ಓದಿದವರಿಗೆ ಈ ಕೆಲಸ ಬೇಸರವಾಗುವುದಿಲ್ಲವೇ’ ಎಂದು ಕೇಳಿದ್ದರು. ಪ್ರಶ್ನೆ ಒಳ್ಳೆಯ ಮನಸ್ಸಿನಿಂದಲೇ ಬಂದಿತ್ತು, ಆದರೆ ಆ ಕೆಲಸದ ಬಗ್ಗೆ ಅವರಿಗಿದ್ದ ಅಭಿಪ್ರಾಯವೂ ಅದರಲ್ಲೇ ಇತ್ತು.

ಪುಣೆಯಲ್ಲಿ ಓದಿದ್ದು ನನ್ನ ಪುಣ್ಯ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂತು. 1944ರಲ್ಲಿ ಅದು ದೆಹಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡಕ್ಕೆ ಊರವರು ಇಟ್ಟ ಸಿಮ್ಲಾ ಆಫೀಸ್ ಎಂಬ ಹೆಸರು ಹೋಗಲಿಲ್ಲ. ಎದುರಿನ ಚೌಕವನ್ನೂ ಹಾಗೆಯೇ ಕರೆಯುತ್ತಾರೆ. ಹವಾಮಾನ ವಿಜ್ಞಾನಿ ಅನ್ನಾ ಮಣಿಯವರು ಸ್ವದೇಶಿ ಹವಾಮಾನ ಉಪಕರಣಗಳನ್ನು ರೂಪಿಸಿದ್ದು ಪುಣೆಯಲ್ಲೇ. ಕೃಷಿ ಹವಾಮಾನ ವಿಭಾಗವೂ ಅಲ್ಲೇ ಇದೆ, ಊರಿನ ಪಾಷಾಣ್ ಬಡಾವಣೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆಯಿದೆ. ಹೀಗಾಗಿ ಮುಂಗಾರಿನ ಕುರಿತ ಮಾತು ಪಠ್ಯಪುಸ್ತಕಕ್ಕೆ ಸೀಮಿತವಾಗದೆ ಊರಿನ ಚಹಾದಂಗಡಿಗಳಲ್ಲೂ ಕಿವಿಗೆ ಬೀಳುತ್ತಿತ್ತು.

ಅಲ್ಲಿ ಕಲಿತ ಸಣ್ಣ ಸಂಗತಿಗಳೇ ಮುಂದೆ ದಿನವೂ ಕೆಲಸಕ್ಕೆ ಬಂದವು. ನಮ್ಮ ದೇಶದಲ್ಲಿ ಮಳೆಯ ದಿನ ಆರಂಭವಾಗುವುದು ಬೆಳಿಗ್ಗೆ 8.30ಕ್ಕೆ, ದಾಖಲಾಗುವುದು ಅದು ಮುಗಿಯುವ ಮರುದಿನದ ಹೆಸರಿನಲ್ಲಿ; ಬುಧವಾರದ ಮಳೆಯೆಂದು ದಾಖಲೆಯಲ್ಲಿ ಕಾಣುವುದರಲ್ಲಿ ಮಂಗಳವಾರ ಸಂಜೆ ಸುರಿದದ್ದೂ ಸೇರಿರುತ್ತದೆ. ಇದನ್ನು ತಿಳಿಯದವರು ‘ಬುಧವಾರ ನಮ್ಮಲ್ಲಿ ಹನಿಯೂ ಬೀಳಲಿಲ್ಲ, ಇವರು ನೂರು ಮಿಲಿಮೀಟರ್ ಅನ್ನುತ್ತಾರೆ’ ಎಂದು ಪತ್ರ ಬರೆಯುತ್ತಿದ್ದರು. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ‘ಒಂದೆರಡು ಕಡೆ’ ಎಂದು ಇಲಾಖೆ ಹೇಳಿದರೆ ಆ ಪ್ರದೇಶದ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗದಷ್ಟು ಕಡೆ ಮಳೆ ಎಂದರ್ಥ. ‘ಬಹುತೇಕ ಕಡೆ’ ಎಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಮಳೆಯ ಪ್ರಮಾಣ ಬೇರೆ, ಹರವು ಬೇರೆ. ಸುದ್ದಿಮನೆಯಲ್ಲಿ ಇವೆರಡೂ ಕಲಸಿಹೋಗುವುದು ಎಷ್ಟು ಸಾಮಾನ್ಯವೆಂದರೆ, ‘ಒಂದೆರಡು ಕಡೆ ಅತಿ ಭಾರಿ ಮಳೆ’ ಎಂಬ ವಾಕ್ಯವು ಪರದೆಯ ಕೆಳಗಿನ ಪಟ್ಟಿಗೆ ತಲುಪುವಷ್ಟರಲ್ಲಿ ‘ಮಹಾರಾಷ್ಟ್ರದಲ್ಲಿ ಅತಿ ಭಾರಿ ಮಳೆ’ ಆಗಿರುತ್ತದೆ. ಇಲಾಖೆಯ ಲೆಕ್ಕದಲ್ಲಿ ಮಹಾರಾಷ್ಟ್ರವೆಂಬ ಒಂದೇ ಪ್ರದೇಶವೂ ಇಲ್ಲ. ಕೊಂಕಣ ಮತ್ತು ಗೋವಾ ಸೇರಿ ಒಂದು ಉಪವಿಭಾಗ, ಮಧ್ಯ ಮಹಾರಾಷ್ಟ್ರ, ಮರಾಠವಾಡಾ, ವಿದರ್ಭ ಉಳಿದ ಮೂರು. ಮುಂಗಾರಿನ ನಾಲ್ಕು ತಿಂಗಳಲ್ಲಿ ಮುಂಬಯಿಯ ಸಾಂತಾಕ್ರೂಜ್‌ಗೆ ಸರಾಸರಿ ಸುಮಾರು 2,300 ಮಿಲಿಮೀಟರ್ ಸುರಿದರೆ, ಸಹ್ಯಾದ್ರಿಯ ಮರೆಯಲ್ಲಿರುವ ಪುಣೆಗೆ ಅದರ ಮೂರನೇ ಒಂದು ಭಾಗವೂ ದಕ್ಕುವುದಿಲ್ಲ.

ಆಯ್ಕೆಯ ಪರೀಕ್ಷೆ ನಾನು ಎಣಿಸಿದಂತಿರಲಿಲ್ಲ. ಆ ದಿನದ ಇಲಾಖಾ ಪ್ರಕಟಣೆಯನ್ನು ಕೈಗೆ ಕೊಟ್ಟು, ಸ್ವಲ್ಪ ಹೊತ್ತಿನಲ್ಲಿ ಒಂದು ನಿಮಿಷದ ಮಾತನ್ನು ಸಿದ್ಧಮಾಡಿಕೊಳ್ಳಲು ಹೇಳಿದರು. ಕ್ಯಾಮೆರಾದ ಮುಂದೆ ನಿಂತು ಮಾತು ಶುರುಮಾಡಿದ ಮೇಲೆ ಕಿವಿಯೊಳಗಿನ ಇಯರ್‌ಪೀಸಿನಲ್ಲಿ ಪ್ರೊಡ್ಯೂಸರ್ ‘ಮೂವತ್ತಕ್ಕೆ ಮುಗಿಸಿ’ ಎಂದರು. ಹದಿನೈದು ಸೆಕೆಂಡು ಕಳೆದಿರಬಹುದು, ‘ಇಲ್ಲ, ಇನ್ನೊಂದು ನಿಮಿಷ ಎಳೆಯಿರಿ’ ಎಂದರು. ಕಿವಿಯಲ್ಲಿ ಒಬ್ಬರ ಮಾತನ್ನು ಕೇಳುತ್ತ ಬಾಯಲ್ಲಿ ಬೇರೆ ಮಾತನ್ನು ಆಡುವುದು ಅಭ್ಯಾಸದಿಂದ ಬರುತ್ತದೆ. ಆದರೆ ಅವರು ನೋಡುತ್ತಿದ್ದದ್ದು ಅದಕ್ಕಿಂತ ಮುಖ್ಯವಾದ ಒಂದನ್ನು: ಸಮಯ ಕಡಿಮೆಯಾದಾಗ ನಾನು ಮೊದಲು ಏನನ್ನು ಕೈಬಿಡುತ್ತೇನೆ ಎಂಬುದನ್ನು. ನಾನು ಮಹಾನಗರಗಳ ಉಷ್ಣಾಂಶವನ್ನು ಕೈಬಿಟ್ಟೆ. ಚೆನ್ನೈಯ ಗರಿಷ್ಠ ಉಷ್ಣಾಂಶ ತಿಳಿಯದೆ ಮುಂಬಯಿಯಲ್ಲಿ ಯಾರಿಗೂ ನಷ್ಟವಾಗುವುದಿಲ್ಲ.

ಸುದ್ದಿಯ ಕೊನೆಯಲ್ಲಿ ಹವಾಮಾನವನ್ನು ಇಡುವುದಕ್ಕೆ ಕಾರಣವಿದೆ. ಬುಲೆಟಿನ್ ನಿಗದಿತ ಕ್ಷಣಕ್ಕೆ ಮುಗಿಯಲೇಬೇಕು, ಜಾಹೀರಾತು ಕಾಯುವುದಿಲ್ಲ. ಮುಂಚಿನ ಸುದ್ದಿಗಳು ಹಿಗ್ಗಿದರೆ ಆ ಸಮಯವನ್ನು ಹವಾಮಾನದಿಂದ ಕೀಳುತ್ತಾರೆ. ದೆಹಲಿಯ ನೇರಸಂಪರ್ಕ ಕಡಿದುಹೋದರೆ ನೆಂಟರು ಬಂದಾಗ ಸಾರಿಗೆ ನೀರು ಬೆರೆಸುವಂತೆ ನಾವು ನಮ್ಮ ಭಾಗವನ್ನು ಹಿಗ್ಗಿಸಬೇಕು. ಬರೆದದ್ದನ್ನು ಓದುವ ನಿರೂಪಕರಿಗೆ ಇದು ಸಾಧ್ಯವಿಲ್ಲ. ಆದುದರಿಂದ ಪ್ರಾಂಪ್ಟರ್ ಇದ್ದರೂ ನಾನು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಲಿಲ್ಲ. ಅಂಗೈಯಲ್ಲಿ ಅಡಗಿದ ಕ್ಲಿಕರಿನಿಂದ ಚಿತ್ರಗಳನ್ನು ನಾನೇ ಮುಂದೊತ್ತುತ್ತ, ಪ್ರತಿ ಚಿತ್ರಕ್ಕೂ ಮನಸ್ಸಿನಲ್ಲಿ ಒಂದು ಚಿಕ್ಕ ಮಾತು, ಒಂದು ದೊಡ್ಡ ಮಾತು ಎಂದು ಎರಡನ್ನೂ ಇಟ್ಟುಕೊಂಡೇ ಸ್ಟುಡಿಯೋಕ್ಕೆ ಹೋಗುತ್ತಿದ್ದೆ.

ನಾವು ನಿಲ್ಲುವುದು ಹಸಿರು ಗೋಡೆಯ ಮುಂದೆ. ಅಲ್ಲಿ ಭೂಪಟವೂ ಇಲ್ಲ, ಮೋಡವೂ ಇಲ್ಲ. ಯಂತ್ರವು ಆ ಹಸಿರನ್ನು ತೆಗೆದು ಅದರ ಜಾಗದಲ್ಲಿ ಭೂಪಟವನ್ನು ಕೂರಿಸುತ್ತದೆ. ನಮಗೆ ಅದು ಕಾಣುವುದು ಅಕ್ಕಪಕ್ಕದ ಮಾನಿಟರುಗಳಲ್ಲಿ ಮಾತ್ರ, ಆ ಚಿತ್ರವೂ ಕನ್ನಡಿಯ ಚಿತ್ರವಲ್ಲ. ರತ್ನಾಗಿರಿಯತ್ತ ಕೈ ಚಾಚಿದರೆ ಪರದೆಯ ಮೇಲಿನ ಕೈ ಎದುರು ದಿಕ್ಕಿಗೆ ಹೋದಂತೆ ಕಾಣುತ್ತದೆ. ಮೊದಮೊದಲು ಎಲ್ಲರ ಬೆರಳೂ ಸಮುದ್ರದಲ್ಲೇ ತೇಲುತ್ತದೆ. ಬೆಳಗಿನ ಪಾಳಿ ಮುಗಿದ ಮೇಲೆ ಖಾಲಿ ಸ್ಟುಡಿಯೋದಲ್ಲಿ ಜಿಲ್ಲೆಗಳ ಹೆಸರು ಹೇಳುತ್ತ ಕೈಯಾಡಿಸಿ ರೂಢಿಮಾಡಿಕೊಂಡೆ. ನಿಲ್ಲುವ ಜಾಗದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಪರದೆಯ ಎಡಕ್ಕೆ ನಿಂತರೆ ಮೈ ಅರಬ್ಬಿ ಸಮುದ್ರವನ್ನು ಮುಚ್ಚುತ್ತದೆ. ಮೇ ಕೊನೆಯಲ್ಲಿ, ಜೂನ್‌ನಲ್ಲಿ ನೋಡಬೇಕಾದದ್ದೆಲ್ಲ ಅಲ್ಲೇ ಇರುತ್ತದೆ. ಬಲಕ್ಕೆ ನಿಂತರೆ ಬಂಗಾಳ ಕೊಲ್ಲಿ ಮರೆಯಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಹುಟ್ಟುವ ವಾಯುಭಾರ ಕುಸಿತಗಳೇ ಮಧ್ಯಭಾರತವನ್ನು ದಾಟಿ ಬರುತ್ತ ನಮ್ಮ ಕರಾವಳಿಯ ಮಳೆಗೆ ಬಲ ಕೊಡುತ್ತವೆ. ಆದ್ದರಿಂದ ಋತು ನೋಡಿ ಜಾಗ ಬದಲಿಸಬೇಕೆಂದು ಕೇಳಿದೆ. ಬೆಳಕಿನ ವ್ಯವಸ್ಥೆ ನೋಡುವವರಿಗೆ ಅದು ಹೆಚ್ಚಿನ ಕೆಲಸವಾದರೂ ಮಾಡಿಕೊಟ್ಟರು.

ಹಸಿರು ಬಣ್ಣದ ಉಡುಪು ನಿಷಿದ್ಧವೆಂಬುದು ಎಲ್ಲರಿಗೂ ಗೊತ್ತು. ಆದರೆ ಮದುವೆಯಾದ ಹೊಸತರಲ್ಲಿ ನನ್ನ ಕೈತುಂಬ ಹಸಿರು ಗಾಜಿನ ಬಳೆಗಳಿದ್ದವು. ಮರಾಠಿಗರಲ್ಲೂ ನಮ್ಮ ಉತ್ತರ ಕರ್ನಾಟಕದವರಲ್ಲೂ ಮದುಮಗಳು ಅವನ್ನು ಬೇಗ ತೆಗೆಯುವಂತಿಲ್ಲ. ಬಳೆಯಿರುವ ಕಡೆಯೆಲ್ಲ ಮುಂಗೈ ಮಾಯವಾಗಿ ಅಲ್ಲಿ ವಿದರ್ಭ ಕಾಣಿಸುತ್ತಿತ್ತು. ಅತ್ತೆಯವರು ಧಾರವಾಡದಿಂದ ಬಂದಿದ್ದರು. ಅವರನ್ನು ಕೇಳದೆ ತೆಗೆಯಲು ಮನಸ್ಸಾಗದೆ, ಅವರನ್ನೇ ಸ್ಟುಡಿಯೋಕ್ಕೆ ಕರೆದೊಯ್ದು ಮಾನಿಟರ್ ತೋರಿಸಿದೆ. ‘ಅಯ್ಯ ಶಿವನ, ಕೈಯ ಇಲ್ಲಲ್ಲವಾ! ತಗದಿಡು, ಮನಿಗೆ ಬಂದು ಹಾಕ್ಕೊಳ್ಳೀಯಂತ’ ಎಂದು ಅವರೇ ಪರಿಹಾರ ಹೇಳಿದರು. ಅಲ್ಲಿಂದ ಮುಂದೆ ಬೇರೆಯವರ ಆಕ್ಷೇಪಣೆಗಳಿಗೂ ಅವರೇ ಉತ್ತರ ಕೊಟ್ಟುಕೊಂಡರು.

ಬೆಳಗಿನ ಪಾಳಿಯೆಂದರೆ ನಸುಕಿನ ಮೊದಲ ಲೋಕಲ್‌ಗಳಲ್ಲಿ ಒಂದನ್ನು ಹಿಡಿಯುವುದು. ಹೋದೊಡನೆ ರಾತ್ರಿಯ ಪ್ರಕಟಣೆಯನ್ನೂ ನಸುಕಿನದನ್ನೂ ಅಕ್ಕಪಕ್ಕ ಇಟ್ಟು ಏನು ಬದಲಾಗಿದೆಯೆಂದು ನೋಡುತ್ತಿದ್ದೆ; ಮುನ್ಸೂಚನೆಗಿಂತ ಅದರಲ್ಲಾದ ಬದಲಾವಣೆಯೇ ಎಷ್ಟೋ ಸಲ ನಿಜವಾದ ಸುದ್ದಿಯಾಗಿರುತ್ತದೆ. ಬಳಿಕ ಇನ್ಸಾಟ್ ಉಪಗ್ರಹದ ಚಿತ್ರಗಳು, ರಾಡಾರ್, ಮುಂಬಯಿ ಕೇಂದ್ರವು ಮೂರು ಗಂಟೆಗಳ ಅವಧಿಗೆ ಕೊಡುವ ತತ್‌ಕ್ಷಣದ ಮುನ್ಸೂಚನೆ, ಕೊನೆಗೆ ಮಹಾನಗರಪಾಲಿಕೆಯ ಉಬ್ಬರದ ಪಟ್ಟಿ. ಉಬ್ಬರವು ನಾಲ್ಕೂವರೆ ಮೀಟರ್ ದಾಟುವ ಹೊತ್ತಿಗೇ ಜೋರು ಮಳೆ ಬಂದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯದೆ ಹಿಂದಮಾತಾ, ಕಿಂಗ್ಸ್ ಸರ್ಕಲ್, ಮಿಲನ್ ಸಬ್‌ವೇಗಳಲ್ಲಿ ನಿಲ್ಲುತ್ತದೆ. ಮುಂಬಯಿಯ ನೋಡುಗನಿಗೆ ಬೇಕಾದದ್ದು ಮಿಲಿಮೀಟರ್ ಅಲ್ಲ, ಈ ಎರಡು ಗಡಿಯಾರಗಳು ಒಂದಾಗುತ್ತವೆಯೇ ಎಂಬ ಉತ್ತರ. ಹಾಗಾಗಿ ಉಬ್ಬರದ ಸಮಯವನ್ನು ನಾನು ಎಂದೂ ಕತ್ತರಿಸಲಿಲ್ಲ.

ಈ ಊರಿನಲ್ಲಿ ಯಾವ ಸಂಖ್ಯೆಯನ್ನು ಹೇಳಿದರೂ ಕೇಳುವವರ ಮನಸ್ಸು 2005ರ ಜುಲೈ 26ಕ್ಕೆ ಹೋಗುತ್ತದೆ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿದಿತ್ತು. ಅದೇ ನಗರದ ದಕ್ಷಿಣದ ತುದಿಯಲ್ಲಿರುವ ಕೊಲಾಬಾದಲ್ಲಿ ಬಿದ್ದದ್ದು 73. ಮಳೆಮೋಡಗಳ ಚಲನೆಯನ್ನು ಅಳೆಯುವ ಡಾಪ್ಲರ್ ರಾಡಾರ್ ಆಗ ಮುಂಬಯಿಯಲ್ಲಿ ಇರಲಿಲ್ಲ. ಈಗ ಕೊಲಾಬಾದಲ್ಲೂ ವೇರಾವಲಿಯಲ್ಲೂ ಇವೆ. ಆದರೂ ‘ಮುಂಬಯಿಯಲ್ಲಿ ಇಂದು ಮಳೆ ಹೇಗೆ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವುದು ಅಪಾಯವೆಂದು ಆ ಎರಡು ಸಂಖ್ಯೆಗಳು ನನಗೆ ಸದಾ ನೆನಪಿಸುತ್ತಿದ್ದವು.

ಪ್ರೊಡ್ಯೂಸರುಗಳೊಂದಿಗೆ ನನ್ನ ಜಗಳಗಳೆಲ್ಲ ಹೆಚ್ಚುಕಡಿಮೆ ಎರಡೇ ವಿಷಯಕ್ಕೆ. ಒಂದು, ಬಣ್ಣಗಳು. ಇಲಾಖೆಯ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಕೆಂಪು ಬಣ್ಣ ಬಂದೊಡನೆ ಪರದೆಯಿಡೀ ಕೆಂಪಾಗಬೇಕೆಂಬ ಆಸೆ ಸುದ್ದಿಮನೆಗೆ. ಒಂದು ಜಿಲ್ಲೆಗೆ, ಒಂದು ದಿನಕ್ಕೆ ಕೊಟ್ಟದ್ದನ್ನು ಇಡೀ ರಾಜ್ಯಕ್ಕೆ, ವಾರಕ್ಕೆ ಹಬ್ಬಿಸಿದರೆ ನಿಜವಾಗಿ ಬೇಕಾದ ದಿನ ಯಾರೂ ಎದ್ದು ಕೂರುವುದಿಲ್ಲ ಎಂಬ ಆತಂಕ ನನಗೆ. ಇನ್ನೊಂದು, ಮೀನುಗಾರರಿಗೆ ಕೊಡುವ ಎಚ್ಚರಿಕೆ. ‘ನಮ್ಮ ವೀಕ್ಷಕರು ಮೀನು ತಿನ್ನುತ್ತಾರೆ, ಹಿಡಿಯುವುದಿಲ್ಲ’ ಎಂದು ಒಬ್ಬರು ನಗೆಯಾಡಿ ಅದನ್ನು ತೆಗೆಸುತ್ತಿದ್ದರು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ, ಆ ಎಚ್ಚರಿಕೆಗೆ ಪ್ರಾಣದ ಬೆಲೆ ಬರುವುದು ಮೇ ತಿಂಗಳಲ್ಲಿ ಮತ್ತು ಆಗಸ್ಟಿನ ಬಳಿಕ. ಆ ತಿಂಗಳುಗಳಲ್ಲಾದರೂ ಹತ್ತು ಸೆಕೆಂಡು ಬಿಟ್ಟುಕೊಡಿ ಎಂಬುದು ನನ್ನ ಬೇಡಿಕೆಯಾಗಿತ್ತು. ಕೆಲವರು ಒಪ್ಪಿದರು, ಕೆಲವರು ಕೊನೆಯವರೆಗೂ ಒಪ್ಪಲಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯ ಪಕ್ಕದಲ್ಲೇ ಹಾದುಹೋಗುವಾಗ ಸಮುದ್ರದ ತೈಲಕ್ಷೇತ್ರ ಬಾಂಬೆ ಹೈ ಬಳಿ ಕಾರ್ಮಿಕರಿದ್ದ ಪಿ-305 ಬಾರ್ಜ್ ಮುಳುಗಿತು. ಅದಾದ ಮೇಲೆ ನಮ್ಮಲ್ಲಿ ಆ ನಗೆಮಾತು ಕೇಳಿಬರಲಿಲ್ಲ.

ಅದರ ಹಿಂದಿನ ವರ್ಷದ ನಿಸರ್ಗ ಚಂಡಮಾರುತದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2020ರ ಜೂನ್ 3. ಕೋವಿಡ್ ಕಾರಣದಿಂದ ಸ್ಟುಡಿಯೋದಲ್ಲಿ ಬೆರಳೆಣಿಕೆಯ ಜನ; ಮೇಕಪ್ಪನ್ನು ನಾವೇ ಮಾಡಿಕೊಳ್ಳುತ್ತಿದ್ದೆವು, ಮೈಕನ್ನು ನಾವೇ ಸಿಕ್ಕಿಸಿಕೊಳ್ಳುತ್ತಿದ್ದೆವು. ವರದಿಗಾರರೆಲ್ಲ ಗೇಟ್‌ವೇ, ಮರೀನ್ ಡ್ರೈವ್, ವರ್ಲಿ ಕಡಲ ದಂಡೆಗಳಲ್ಲಿ ಕೊಡೆ ಹಿಡಿದು ನಿಂತಿದ್ದರು. ಚಂಡಮಾರುತ ಮಧ್ಯಾಹ್ನ ಭೂಮಿ ಮುಟ್ಟಿದ್ದು ಅಲಿಬಾಗಿನ ದಕ್ಷಿಣಕ್ಕೆ, ರಾಯಗಡ ಜಿಲ್ಲೆಯಲ್ಲಿ. ಮುಂಬಯಿಗೆ ಗಾಳಿ, ಮಳೆ, ಉರುಳಿದ ಮರಗಳಷ್ಟೇ. ಸಂಜೆಯ ಹೊತ್ತಿಗೆ ಚರ್ಚೆಯ ಮೇಜುಗಳಲ್ಲಿ ‘ಹವಾಮಾನದವರು ಸುಮ್ಮನೆ ಹೆದರಿಸಿದರು’ ಎಂಬ ಧಾಟಿ ಶುರುವಾಯಿತು. ಅದೇ ಹೊತ್ತಿನಲ್ಲಿ ಶ್ರೀವರ್ಧನ, ಮುರುಡ, ದಾಪೋಲಿಯ ಕಡೆ ಅಡಿಕೆ, ತೆಂಗು, ಮಾವಿನ ತೋಟಗಳು ನೆಲಕಚ್ಚಿದ್ದವು, ಮನೆಗಳ ಮಾಡು ಹಾರಿಹೋಗಿತ್ತು. ಅಲ್ಲಿ ವಿದ್ಯುತ್ತಿಲ್ಲ, ಫೋನಿಲ್ಲ, ದಾರಿಗೆ ಮರಗಳು ಬಿದ್ದಿದ್ದವು. ಆದ್ದರಿಂದ ಚಿತ್ರಗಳು ಬರಲಿಲ್ಲ, ಚಿತ್ರಗಳಿಲ್ಲದ್ದರಿಂದ ಅದು ಸುದ್ದಿಯೂ ಆಗಲಿಲ್ಲ. ಎಲ್ಲಿ ಹಾನಿ ಹೆಚ್ಚೋ ಅಲ್ಲಿಂದ ಮೊದಲ ದಿನ ಏನೂ ಬರುವುದಿಲ್ಲವೆಂಬುದನ್ನು ಸುದ್ದಿಮನೆಗಳು ಪ್ರತಿ ಚಂಡಮಾರುತದಲ್ಲೂ ಮರೆಯುತ್ತವೆ. ಆ ಸಂಜೆ ಆ ಊರುಗಳ ಬಗ್ಗೆ ನಮ್ಮ ವಾಹಿನಿಯಲ್ಲಿದ್ದ ಒಂದೇ ಚಿತ್ರ ನನ್ನ ಭೂಪಟ. ನಾನು ಮುಂಬಯಿಯ ಮಾತನ್ನು ಒಂದೇ ವಾಕ್ಯಕ್ಕೆ ಇಳಿಸಿ, ಉಳಿದ ಸಮಯವನ್ನೆಲ್ಲ ಚಂಡಮಾರುತದ ಕಣ್ಣು ಹಾದುಹೋದ ದಾರಿಯಲ್ಲಿನ ತಾಲ್ಲೂಕುಗಳ ಹೆಸರು ಹೇಳುವುದಕ್ಕೆ ಬಳಸಿದೆ. ಕಿವಿಯಲ್ಲಿ ಮುಗಿಸಿರೆಂಬ ಆಜ್ಞೆ ಬರುತ್ತದೆಂದು ಕಾದಿದ್ದೆ. ಪ್ರೊಡ್ಯೂಸರ್ ಏನೂ ಹೇಳಲಿಲ್ಲ. ಆಮೇಲೆ ತಿಳಿಯಿತು, ಅವರ ಅಜ್ಜಿಯ ಮನೆ ಮುರುಡದಲ್ಲಿತ್ತು.

ವೃತ್ತಿಯ ಹೊರಗಿನ ಬದುಕಿನ ಬಗ್ಗೆ ಹೇಳುವುದು ಕಡಿಮೆ. ಕರಾರು ವರ್ಷದಿಂದ ವರ್ಷಕ್ಕೆ ನವೀಕರಣಗೊಳ್ಳುತ್ತದೆ, ಸಂಬಳ ಸುದ್ದಿ ನಿರೂಪಕರಿಗಿಂತ ಕಡಿಮೆ, ಮುಂಗಾರಿನಲ್ಲಿ ರಜೆಯ ಮಾತಿಲ್ಲ. ಚಳಿಗಾಲದಲ್ಲಿ ಉತ್ತರದ ಮಂಜಿಗೆ, ಏಪ್ರಿಲ್‌ನಲ್ಲಿ ಬಿಸಿಗಾಳಿಗೆ ಸಿಗುವ ಸಮಯ ಮುಂಬಯಿಯ ಆಕಾಶಕ್ಕೆ ಸಿಗುವುದಿಲ್ಲ. ವಯಸ್ಸಾದಂತೆ ಗಂಡಸರಿಗೆ ‘ತಜ್ಞ’ ಎಂಬ ಪಟ್ಟಿ ಬರುತ್ತದೆ, ಹೆಂಗಸರಿಗೆ ಡೆಸ್ಕಿನ ಕುರ್ಚಿ. ಇದನ್ನು ನಾನು ನಮ್ಮಲ್ಲೂ ಕಂಡೆ, ಬೇರೆ ಕಡೆಯೂ ಕಂಡೆ. ಬಂಧುಗಳ ಫೋನು ಮಾತ್ರ ಋತುವಿನ ಹಂಗಿಲ್ಲದೆ ಬರುತ್ತದೆ. ‘ಏನವಾ, ಮುಂದಿನ ತಿಂಗಳ ಹನ್ನೆರಡಕ್ಕ ಮದವಿ ಇಟಗೊಂಡೀವಿ, ಪೆಂಡಾಲ ಹಾಕಸೋದೋ ಛತ್ರ ಹಿಡಿಯೋದೋ, ಅಷ್ಟ ಹೇಳಿಬಿಡು’ ಎಂದು ಕಾಕಾ ಕೇಳಿದರೆ, ಅಷ್ಟು ದೂರದ ಒಂದು ದಿನದ ಮಳೆಯನ್ನು ಯಾರೂ ಹೇಳಲಾರರೆಂದು ವಿವರಿಸುವುದಕ್ಕಿಂತ ‘ಛತ್ರಾನ ಹಿಡೀರಿ ಕಾಕಾ’ ಎನ್ನುವುದೇ ಲೇಸು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿಸಿ ಹೊರಬರುವಾಗ ಹಿರಿಯರೊಬ್ಬರು ನಿಲ್ಲಿಸಿ, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಗೆ ನಿಮ್ಮ ಶಾಸ್ತ್ರ ಏನನ್ನುತ್ತದೆ ಎಂದು ಕೇಳಿದ್ದರು. ಆ ನಕ್ಷತ್ರ ಬರುವುದು ಏಪ್ರಿಲ್ ಕೊನೆಯಲ್ಲಿ, ಅದು ಮುಂಗಾರಿನ ಮಳೆಯಲ್ಲ, ಗುಡುಗಿನ ಮಳೆ. ಆದರೆ ಉಳುಮೆಗೆ ಮಣ್ಣು ಹದವಾಗುವುದು ಅದರಿಂದಲೇ ಎಂದೆ. ಅವರಿಗೆ ಉತ್ತರ ಹಿಡಿಸಿತು. ಟಿವಿಯಲ್ಲಿ ಇಂಥದಕ್ಕೆ ಸಮಯ ಸಿಗುವುದಿಲ್ಲವೆಂಬುದು ನನ್ನ ಹಳೆಯ ಅಸಮಾಧಾನ.

ಈಗ ಎಲ್ಲರ ಫೋನಿನಲ್ಲೂ ಹವಾಮಾನದ ಆ್ಯಪ್ ಇದೆ. ವಾಹಿನಿಯು ರಾತ್ರಿಯ ನಿಗದಿತ ಹವಾಮಾನ ಭಾಗವನ್ನು ಕೈಬಿಟ್ಟು, ಫೋನಿಗೆ ಹೊಂದುವ ಉದ್ದುದ್ದ ಚೌಕಟ್ಟಿನ ತುಣುಕುಗಳನ್ನು ಮಾಡಿಸುತ್ತಿದೆ. ಅದರಲ್ಲಿ ಭಾರತದ ಭೂಪಟ ಚೆನ್ನಾಗಿ ಕೂರುತ್ತದೆ, ನಿಂತ ಮನುಷ್ಯರಿಗೆ ಜಾಗ ಉಳಿಯುವುದಿಲ್ಲ. ನಾನು ಕೆಳಗಿನ ಮೂಲೆಗೆ ಸರಿದಿದ್ದೇನೆ. ಜೂನ್ 11ರ ಆಸುಪಾಸಿನಲ್ಲಿ ಬರಬೇಕಾದ ಮುಂಗಾರು 2025ರಲ್ಲಿ ಮೇ 26ರಂದೇ ಮುಂಬಯಿಗೆ ಬಂದಾಗ ಹಳೆಯ ಬುಲೆಟಿನ್ ಪದ್ಧತಿಯೇ ಒಂದು ದಿನದ ಮಟ್ಟಿಗೆ ಮರಳಿತು. ಪುಣೆಯ ಪಾಷಾಣ್ ಸಂಸ್ಥೆಯಲ್ಲಿ ರೂಪುಗೊಂಡ, ದೇಶವನ್ನು ಆರು ಕಿಲೋಮೀಟರಿನ ಚೌಕಗಳಲ್ಲಿ ನೋಡುವ ಭಾರತ್ ಮುನ್ಸೂಚನಾ ವ್ಯವಸ್ಥೆ ಬಿಡುಗಡೆಯಾದದ್ದೂ ಅದೇ ದಿನ. ನಗರದಲ್ಲಿ ನೀರು ನಿಂತಿದ್ದರಿಂದ ಆ ಸುದ್ದಿಗೆ ನಮ್ಮಲ್ಲಿ ಜಾಗ ಸಿಗಲಿಲ್ಲ.

ಇತ್ತೀಚೆಗೆ ಸೇರಿದ ಹುಡುಗಿಯೊಬ್ಬಳನ್ನು ನನ್ನ ಕೈಕೆಳಗೆ ಕೊಟ್ಟಿದ್ದಾರೆ. ನಾಸಿಕದವಳು, ಮರಾಠಿ ಚೆನ್ನಾಗಿ ಆಡುತ್ತಾಳೆ, ಭೌತಶಾಸ್ತ್ರ ಓದಿದ್ದಾಳೆ. ಅವಳಿಗೆ ಕ್ಯಾಮೆರಾ ಕೊಡುವ ಮೊದಲು ಹಳೆಯ ಪ್ರಕಟಣೆಗಳನ್ನು ಕೊಟ್ಟು ಒಂದು ನಿಮಿಷಕ್ಕೆ, ಬಳಿಕ ಅರ್ಧ ನಿಮಿಷಕ್ಕೆ, ಬಳಿಕ ಹದಿನೈದು ಸೆಕೆಂಡಿಗೆ ಇಳಿಸಲು ಹೇಳುತ್ತಿದ್ದೇನೆ. ಹದಿನೈದರಲ್ಲಿ ಜಿಲ್ಲೆ, ಹೊತ್ತು, ಮಾಡಬೇಕಾದ ಕೆಲಸ ಈ ಮೂರೂ ಉಳಿದರೆ ಅವಳನ್ನು ಹಸಿರು ಗೋಡೆಯ ಮುಂದೆ ನಿಲ್ಲಿಸುತ್ತೇನೆ. ಸದ್ಯಕ್ಕೆ ಹೊತ್ತನ್ನು ಬಿಡುತ್ತಿದ್ದಾಳೆ, ಹೊತ್ತು ಉಳಿದ ದಿನ ಜಿಲ್ಲೆಯನ್ನು ಬಿಡುತ್ತಾಳೆ. ಮೀನುಗಾರರನ್ನು ಮಾತ್ರ ಇದುವರೆಗೆ ಬಿಟ್ಟಿಲ್ಲ.